ದಿನಸಿ ಇಲ್ಲೇ ಕೊಂಡರೆ ಈ ಊರಿನವಳಾಗ್ತೇನಾ?

ಪ್ರಶ್ನೆ: ನಾವು ಗದಗದವರು. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ, ಕಾರವಾರಕ್ಕೆ ವರ್ಗವಾಗಿ ಬಂದು ಮೂರು ವರ್ಷವಾಗುತ್ತ ಬಂತು. ಮನೆಗೆ ಬೇಕಾದ್ದನ್ನೆಲ್ಲ ಫೋನಿನಲ್ಲೇ ತರಿಸುತ್ತೇವೆ. ಜೋಳ, ಶೇಂಗಾ, ಖಾರಪುಡಿ ಊರಿಂದ ಬರುತ್ತದೆ. ಬೆಳಿಗ್ಗೆ ನಮ್ಮ ಓಣಿಯಲ್ಲಿ ಮೀನಿನಾಕೆ ಬುಟ್ಟಿ ಇಳಿಸಿದರೆ ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಅರ್ಧ ತಾಸು ಕೊಂಕಣಿಯಲ್ಲಿ ಮಾತು, ನಗೆ. ನಾವು ಮೀನು ತಿನ್ನುವವರಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಪಕ್ಕದ ಮನೆಯವರು ಒಮ್ಮೆ ಡಬ್ಬಿಯಲ್ಲಿ ಪತ್ರೊಡೆ ಕೊಟ್ಟಿದ್ದರು. ಡಬ್ಬಿ ತೊಳೆದು ವಾಪಸು ಕೊಟ್ಟೆ, ಅಲ್ಲಿಗೆ ಮುಗಿಯಿತು. ಮೊನ್ನೆ ಮೂಲೆಯ ಕಿರಾಣಿ ಅಂಗಡಿಯವರು, "ನಿಮಗೆ ನಮ್ಮ ಅಂಗಡಿ ಯಾಕೆ ಬೇಕು, ದಿನಾ ಬಾಕ್ಸ್ ಬರ್ತದಲ್ಲ" ಎಂದು ನಗುತ್ತಲೇ ಅಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮಗ ಒಂಬತ್ತನೇ ಕ್ಲಾಸು. ಆರು ಸಾವಿರದ ಶೂ ಬೇಕಂತೆ, ಇಲ್ಲದಿದ್ದರೆ ಹುಡುಗರು ಸೇರಿಸಿಕೊಳ್ಳುವುದಿಲ್ಲವಂತೆ. ಇವರನ್ನು ಕೇಳಿದರೆ "ಸಾಮಾನು ಅಂದ್ರ ಸಾಮಾನು, ಸಸ್ತಾ ಎಲ್ಲಿ ಐತಿ ಅಲ್ಲಿ ತಗೊಳ್ಳೋದು" ಅನ್ನುತ್ತಾರೆ. ನಾಲ್ಕು ಸಾಮಾನು ಇಲ್ಲೇ ಕೊಂಡರೆ ನಾನು ಈ ಊರಿನವಳಾಗುತ್ತೇನಾ ಮೇಡಂ? ಮೀನು ತಿನ್ನುವುದು ಕಲಿಯಬೇಕಾ? ಅಥವಾ ಇದೆಲ್ಲ ಬರೀ ನಾಟಕವಾ?
(ಹೆಸರು ಬೇಡ, ಕಾರವಾರ)

ಉತ್ತರ: ನೀವು ಶೂ, ಮೀನು, ಕಿರಾಣಿ ಎಂದು ಬೇರೆಬೇರೆಯಾಗಿ ಕೇಳಿದ್ದೀರಿ. ಪತ್ರವನ್ನು ಮತ್ತೆ ಓದಿದಾಗ ನನಗೆ ಕೇಳಿಸಿದ್ದು ಒಂದೇ ಪ್ರಶ್ನೆ: ನಾಳೆ ನಾನು ಹೊರಗೆ ಕಾಣಿಸದಿದ್ದರೆ ಈ ಓಣಿಯಲ್ಲಿ ಯಾರಿಗಾದರೂ ಗೊತ್ತಾಗುತ್ತದಾ?

ಮೊದಲು ಆ ಕಿರಾಣಿಯವರ ಮಾತು ನೋಡೋಣ. ನೀವು ಅದನ್ನು ಚುಚ್ಚುಮಾತು ಎಂದುಕೊಂಡಿದ್ದೀರಿ. ನಾನು ಈ ಕರಾವಳಿಯಲ್ಲೇ ಹುಟ್ಟಿ, ಇಲ್ಲೇ ಆಪ್ತಸಮಾಲೋಚನೆ ಮಾಡಿಕೊಂಡಿರುವವಳು. ನನ್ನ ಕಿವಿಗೆ ಅದು ಅರ್ಧ ಆಕ್ಷೇಪ, ಅರ್ಧ ಕರೆ. ನಿಮ್ಮ ಮನೆಗೆ ಬರುವ ಬಾಕ್ಸನ್ನು ಅವರು ದಿನಾ ನೋಡುತ್ತಿದ್ದಾರೆ. ಲೆಕ್ಕದಲ್ಲೇ ಇಲ್ಲದವರ ಬಾಕ್ಸನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿ. ಕಾರವಾರ ಜಿಲ್ಲಾ ಕೇಂದ್ರ. ಬ್ರಿಟಿಷರ ಕಾಲದಿಂದ ಇಲ್ಲಿಗೆ ಅಧಿಕಾರಿಗಳು ಬಂದಿದ್ದಾರೆ, ಹೋಗಿದ್ದಾರೆ. ರವೀಂದ್ರನಾಥ ಟಾಗೋರರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು. ಆಮೇಲೆ ಕೈಗಾ ಅಣುವಿದ್ಯುತ್ ಸ್ಥಾವರ ಬಂತು, ನೌಕಾನೆಲೆ ಬಂತು. ಹೊರಗಿನವರನ್ನು ಕಂಡು ಬೆದರುವ ಊರು ಇದಲ್ಲ. ಆದರೆ "ಇವರು ವರ್ಗದವರು, ಮೂರು ವರ್ಷಕ್ಕೆ ಹೋಗುವವರು" ಎಂದು ಮೊದಲೇ ತೀರ್ಮಾನಿಸಿ ಸುಮ್ಮನಿರುವುದು ಈ ಊರಿಗೆ ರೂಢಿಯಾಗಿದೆ. ಅದನ್ನು ತಾತ್ಸಾರ ಎಂದು ಓದಬೇಡಿ. ನೀವು ಉಳಿಯುವವರು ಎನ್ನುವ ಸೂಚನೆ ಅವರಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೆ.

ಇನ್ನು ನಿಮ್ಮ ಯಜಮಾನರ ವಾದ. ಸಾಮಾನು ಬರೀ ಸಾಮಾನಾಗಿದ್ದರೆ ಲೋಕ ಬಹಳ ಸರಳವಾಗಿರುತ್ತಿತ್ತು. ಕಾರವಾರದಿಂದ ಸ್ವಲ್ಪ ದೂರ ಹೋದರೆ ಅಂಕೋಲೆ. 1930ರಲ್ಲಿ ಅಲ್ಲಿಯವರು ಕಾನೂನು ಮುರಿದು ಉಪ್ಪು ಮಾಡಿದರು. ಆ ಉಪ್ಪಿನ ಪೊಟ್ಟಣ ಕೊಂಡವರು ಸಾರಿಗೆ ಉಪ್ಪಿಲ್ಲ ಎಂದು ಕೊಂಡದ್ದಲ್ಲ. ಅಷ್ಟು ದೊಡ್ಡ ಮಾತೂ ಬೇಡ. ನಿಮ್ಮವರು ಜೋಳ ಗದಗದಿಂದಲೇ ಯಾಕೆ ತರಿಸುತ್ತಾರೆ? ಜೋಳ ಇಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಬಸ್ಸಿಗೆ ಹಾಕಿ ಕಳಿಸುವ ಖರ್ಚು ಸೇರಿಸಿದರೆ ಬಹುಶಃ ಇಲ್ಲಿಯದ್ದೇ ಸಸ್ತಾ. ಜೋಳ ಕೊಳ್ಳುವಾಗ ಅವರು ಗದಗದವರಾಗಿ ಉಳಿಯುತ್ತಿದ್ದಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಲೆಕ್ಕ ಬರೀ ರೂಪಾಯಿಯದ್ದು ಎಂದು ಮಾತ್ರ ಅವರು ಹೇಳಕೂಡದು.

ಹಾಗೆಂದು ನಿಮ್ಮ ಕಡೆಯ ನಂಬಿಕೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಇಲ್ಲಿಯ ವಸ್ತು ಮನೆಗೆ ಬಂದರೆ ಇಲ್ಲಿಯವಳಾಗುತ್ತೇನೆ ಎಂದು ನೀವು ಅಂದುಕೊಂಡ ಹಾಗಿದೆ. ಹೊರಗಿನಿಂದ ಬಂದ ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಅಂಕೋಲೆಯ ಕರಿ ಈಶಾಡು ಮಾವಿನಹಣ್ಣು ಪೆಟ್ಟಿಗೆಗಟ್ಟಲೆ ತರಿಸುತ್ತಾರೆ, ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕುಮಟೆಯ ಈರುಳ್ಳಿ ಗೊಂಚಲು ಕೊಂಡು ಚಂದಕ್ಕೆ ತೂಗುಹಾಕುತ್ತಾರೆ, ಫೋಟೋ ಹಾಕುತ್ತಾರೆ. ಒಂಟಿತನ ಮಾತ್ರ ಹಾಗೇ ಇರುತ್ತದೆ. ಅದೇ ಗೊಂಚಲನ್ನು ಪಕ್ಕದ ಮನೆಯಾಕೆಯ ಜೊತೆ ಹೋಗಿ, ಯಾವುದು ಮಳೆಗಾಲ ತಾಳುತ್ತದೆ ಎಂದು ಆಕೆ ಗಡ್ಡೆ ಒತ್ತಿ ನೋಡಿ ಆರಿಸಿಕೊಟ್ಟದ್ದನ್ನು ತಂದಿದ್ದರೆ ಕತೆಯೇ ಬೇರೆ. ಈರುಳ್ಳಿ ಅದೇ. ಆದರೆ ಆಷಾಢದಲ್ಲಿ ಆಕೆ "ನಿಮ್ಮದು ಮೊಳಕೆ ಬಂತಾ?" ಎಂದು ಕೇಳುತ್ತಾಳೆ.

ಆ ಮೀನಿನ ಬುಟ್ಟಿಯ ಸುತ್ತ ನಡೆಯುವುದನ್ನು ನೀವು ಮೂರು ವರ್ಷ ಕಿಟಕಿಯಿಂದ ನೋಡಿದ್ದೀರಿ. ಹತ್ತಿರದಿಂದ ಹೇಗಿರುತ್ತದೆ ಹೇಳುತ್ತೇನೆ. ಬುಟ್ಟಿ ಇಳಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಸರಿಯುತ್ತದೆ. ಬಂಗಡೆಯನ್ನು ನಾಲ್ಕಾರು ಸೇರಿಸಿ ಪಾಲು ಹಾಕುತ್ತಾಳೆ. ಒಬ್ಬಳು ಕಿವಿರು ಎತ್ತಿ ನೋಡಿ "ನಿನ್ನೆಯದ್ದು" ಅನ್ನುತ್ತಾಳೆ. ಮೀನಿನಾಕೆ ಸಿಟ್ಟು ಬಂದವಳಂತೆ ಬುಟ್ಟಿ ಮುಚ್ಚಲು ಹೋಗುತ್ತಾಳೆ. ಇಬ್ಬರಿಗೂ ಗೊತ್ತು, ಮುಚ್ಚುವುದಿಲ್ಲ. ದರ ಇಳಿಯುತ್ತದೆ, ಕೊನೆಗೆ ಒಂದು ಸಣ್ಣ ಮೀನು ಕೊಸರು ಬೀಳುತ್ತದೆ. ಕೊಸರು ಕೊಡುವಾಗ ಆಕೆ ಕೇಳುತ್ತಾಳೆ: "ಬಾಯೇ, ನಿನ್ನೆ ಎಲ್ಲಿಗೆ ಹೋಗಿದ್ರಿ? ನಿಮಗೆ ಅಂತ ಎತ್ತಿಟ್ಟಿದ್ದೆ." ನಿಮಗೆ ಬೇಕಾಗಿರುವುದು ಈ ಒಂದು ವಾಕ್ಯ. ಮೀನಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಗಟ್ಟಿ ಆಧಾರವಿದೆ. 1995ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮಾರ್ಕ್ ಲಿಯರಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ತನ್ನವರೊಳಗೆ ಒಬ್ಬನಾಗಿರುವುದು ಮನುಷ್ಯನ ಮೂಲ ಅಗತ್ಯಗಳಲ್ಲಿ ಒಂದು ಎಂದು ವಾದಿಸಿದರು. ಅದಕ್ಕೆ ಎರಡು ಬೇಕು ಅಂದರು: ಪದೇಪದೇ ಭೇಟಿ, ಮತ್ತು ಆ ಭೇಟಿ ಮುಂದೆಯೂ ಇರುತ್ತದೆ ಎಂಬ ಭರವಸೆಯ ಜೊತೆಗೆ ಒಬ್ಬರ ಬಗ್ಗೆ ಒಬ್ಬರಿಗೆ ಕಾಳಜಿ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್, ಎಲಿಜಬೆತ್ ಡನ್ ಅವರದ್ದು. ಕಾಫಿ ಅಂಗಡಿಗೆ ಹೋಗುವ ಕೆಲವರಿಗೆ, ಬೇಗ ಕೆಲಸ ಮುಗಿಸಿಕೊಂಡು ಬನ್ನಿ ಅಂದರು; ಉಳಿದವರಿಗೆ, ಕಾಫಿ ಕೊಡುವವರ ಮುಖ ನೋಡಿ ನಕ್ಕು ಎರಡು ಮಾತಾಡಿ ಬನ್ನಿ ಅಂದರು. ಮಾತಾಡಿ ಬಂದವರ ಮನಸ್ಸು ಹೆಚ್ಚು ಹಗುರಾಗಿತ್ತು, ತಾವೂ ಇಲ್ಲಿಗೆ ಸೇರಿದವರು ಎಂಬ ಭಾವ ಅವರಲ್ಲಿ ಹೆಚ್ಚಿತ್ತು. ಕಾಫಿ ಇಬ್ಬರಿಗೂ ಒಂದೇ.

ಫೋನಿನಲ್ಲಿ ತರಿಸುವುದರಲ್ಲಿ ಕಳೆದುಹೋಗುವುದು ಇದೇ ಎರಡು ಮಾತು. ನಿಮ್ಮ ಮನೆಯ ಸಾಬೂನು ಯಾವುದು, ಎಣ್ಣೆ ಯಾವಾಗ ಮುಗಿಯುತ್ತದೆ ಎಂದು ಆ ಆ್ಯಪಿಗೆ ಕಿರಾಣಿಯವರಿಗಿಂತ ಚೆನ್ನಾಗಿ ಗೊತ್ತು. ಎಂಟು ದಿನ ತೆರೆಯದಿದ್ದರೆ "ನಿಮ್ಮ ನೆನಪಾಗುತ್ತಿದೆ" ಎಂದು ಮೆಸೇಜನ್ನೂ ಕಳಿಸುತ್ತದೆ, ಪುಣ್ಯಾತ್ಮ! ಆದರೆ ನಿಮಗೆ ಜ್ವರ ಎಂದು ಅದಕ್ಕೆ ತಿಳಿಯುವುದಿಲ್ಲ. ಅಂಗಡಿಗೆ ಹೋದರೂ ಇದು ಕಳೆದುಹೋಗಬಹುದು, ಗಮನಿಸಿ. ಸ್ಕ್ಯಾನ್ ಮಾಡಿ, ಡಬ್ಬಿ "ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗಿದ ಕೂಡಲೇ ಹೊರಟರೆ ಮಾತಾಡಿದ್ದು ಡಬ್ಬಿ ಮಾತ್ರ.

ಸಣ್ಣ ಅಂಗಡಿಯೆಂದರೆ ಆತ್ಮೀಯತೆ, ದೊಡ್ಡ ಮಳಿಗೆಯೆಂದರೆ ಪರಕೀಯ ಎನ್ನುವುದೂ ಪೂರ್ತಿ ನಿಜವಲ್ಲ. ಶಿರಸಿಗೆ ಹೋದರೆ ನೋಡಿ. ಅಲ್ಲಿಯ ಟಿ.ಎಸ್.ಎಸ್. 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಸಂಘ. ಅದರ ಸುಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳಿಕೊಂಡು, ಬಿಲ್ಲಿಗೆ ಸಾಲು ನಿಂತು ಸಾಮಾನು ತರಬೇಕು. ಕೊಸರು ಹಾಕುವವರು ಯಾರೂ ಇಲ್ಲ. ಆದರೂ ಹಳ್ಳಿಯಿಂದ ಬಂದವರು "ನಮ್ಮ ಸೊಸೈಟಿ" ಅನ್ನುತ್ತಾರೆ. ತಮ್ಮ ತೋಟದ ಅಡಿಕೆ ಮಾರುವುದು ಅಲ್ಲೇ, ಸದಸ್ಯರಾಗಿ ಓಟು ಹಾಕುವುದು ಅಲ್ಲೇ, ಉಪ್ಪು ಬೇಳೆ ಕೊಳ್ಳುವುದೂ ಅಲ್ಲೇ. ಅಂಗಡಿಯ ಗಾತ್ರಕ್ಕಿಂತ, ಅಲ್ಲಿ ನಿಮ್ಮದೂ ಏನಾದರೂ ಇದೆಯೇ ಎನ್ನುವುದು ಮುಖ್ಯ.

ಮೀನು ತಿನ್ನಬೇಕಾ? ಬೇಡ. ಒಂದೇ ಬಗೆಯ ತಿಂಡಿ ತಿಂದ ಅಪರಿಚಿತರು ಒಬ್ಬರನ್ನೊಬ್ಬರು ಹೆಚ್ಚು ನಂಬುತ್ತಾರೆ, ಸಹಕರಿಸುತ್ತಾರೆ ಎಂದು ಕೇಟ್ಲಿನ್ ವೂಲಿ ಮತ್ತು ಅಯೆಲೆಟ್ ಫಿಶ್‌ಬಾಕ್ 2017ರಲ್ಲಿ ತೋರಿಸಿದ್ದಾರೆ, ಸರಿ. ಅವರ ಪ್ರಯೋಗದಲ್ಲಿ ಅಷ್ಟಕ್ಕೆ ಮಿಠಾಯಿ ಸಾಕಾಗಿತ್ತು. ಮನೆತನದ ಊಟ ಬಿಟ್ಟುಕೊಡುವಷ್ಟು ದೊಡ್ಡ ಬೆಲೆ ಇದಕ್ಕೆ ಬೇಕಿಲ್ಲ. ತಿನ್ನಲಾರದ್ದನ್ನು ಒತ್ತಾಯಕ್ಕೆ ತಿಂದರೆ ಹೊಟ್ಟೆಗೂ ಒಗ್ಗುವುದಿಲ್ಲ, ಒಳಗೆ ಸಿಟ್ಟು ಬೇರೆ. ನಿಮ್ಮ ಅಕ್ಕಪಕ್ಕದವರೂ ವರ್ಷವಿಡೀ ಮೀನು ತಿನ್ನುವುದಿಲ್ಲ. ಎಷ್ಟೋ ಮನೆಗಳಲ್ಲಿ ಸೋಮವಾರ ಇಲ್ಲ, ಸಂಕಷ್ಟಿಗೆ ಇಲ್ಲ, ಶ್ರಾವಣ ಹಿಡಿದವರಿಗೆ ಚೌತಿ ಮುಗಿಯುವವರೆಗೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬುಟ್ಟಿಯೂ ಹಗುರಾಗುತ್ತದೆ. ಆ ತಿಂಗಳುಗಳಲ್ಲಿ ಓಣಿಯ ಮಾತು ಹಲಸಿನ ಹಪ್ಪಳ, ಉಪ್ಪಿನಕಾಯಿ, ಕೋಕಂ, ಬಸಳೆ ಚಪ್ಪರದ ಕಡೆ ತಿರುಗುತ್ತದೆ. ನೀವು ಒಳಗೆ ಬರಲು ಅದೇ ಬಾಗಿಲು. ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಕಾಡಿನ ಕಾಯಿ, ಹಣ್ಣು ಕೊಳ್ಳಲು ಪೇಟೆಗೆ ಹೋಗುವಾಗ "ನಾನೂ ಬರಲಾ?" ಎಂದು ಕೇಳಿ. ಒಂದು ಕಾಯಿಯ ಹೆಸರೂ ನಿಮಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದು ಇಲ್ಲಿ ಲಾಭ. ಹೇಳಿಕೊಡುವುದು ಅಂದರೆ ನಮ್ಮ ಕಡೆಯವರಿಗೆ ಖುಷಿ.

ಪತ್ರೊಡೆಯ ಡಬ್ಬಿ ಮಾತ್ರ ನಿಮ್ಮ ಕೈಯಲ್ಲಿ ತಪ್ಪಿದ ಅವಕಾಶ. ತೊಳೆದು ಖಾಲಿ ಕೊಟ್ಟಿರಿ; ಅಂದರೆ ಲೆಕ್ಕ ಚುಕ್ತಾ. ಗದಗದಲ್ಲೂ ಖಾಲಿ ಡಬ್ಬಿ ಕೊಡುವುದಿಲ್ಲವಲ್ಲ, ಹೊಸ ಊರಿನ ಸಂಕೋಚಕ್ಕೆ ಹಾಗಾಯಿತು. ಕಾರಣ ಹುಡುಕದೆ ಒಂದು ದಿನ ಶೇಂಗಾ ಚಟ್ನಿಪುಡಿಯೋ ಕಡಕ್ ರೊಟ್ಟಿಯೋ ಕೊಟ್ಟು ಬನ್ನಿ. ಇಲ್ಲಿ ನಿಮ್ಮ ಊರಿನ ಸಾಮಾನು ಅಡ್ಡಗೋಡೆ ಅಲ್ಲವೇ ಅಲ್ಲ. ಹಂಚಿದರೆ ಅದೇ ನಿಮ್ಮ ಗುರುತು: "ರೊಟ್ಟಿ ಕೊಡುವ ಗದಗದವರು." ಊರಿಗೆ ಸೇರುವುದೆಂದರೆ ಊರಿನವರ ಹಾಗೆಯೇ ಆಗುವುದಲ್ಲ.

ಈಗ ಕೊಳ್ಳುವ ವಿಷಯ. ಎಲ್ಲವನ್ನೂ ಆನ್‌ಲೈನಿನಿಂದ ಬಿಡಿಸಿ ಮೂಲೆ ಅಂಗಡಿಗೆ ತನ್ನಿ ಎಂದು ನಾನು ಹೇಳುವುದಿಲ್ಲ. ತಿಂಗಳಿಗೊಮ್ಮೆ ಎರಡು ಸಾವಿರದ ಸಾಮಾನು ಒಂದೇ ಸಲ ಹೊತ್ತು ತಂದರೆ ಒಂದೇ ಭೇಟಿ. ವಾರಕ್ಕೆ ಮೂರು ಸಲ ಇಪ್ಪತ್ತು ರೂಪಾಯಿ ಹೂವು ಕೊಂಡರೆ ತಿಂಗಳಿಗೆ ಹನ್ನೆರಡು ಭೇಟಿ. ಮನಸ್ಸಿಗೆ ಹತ್ತುವುದು ಎರಡನೆಯದ್ದು. ಹಾಗಾಗಿ ಡಿಟರ್ಜೆಂಟ್, ಎಣ್ಣೆ, ಭಾರದ ಸಾಮಾನು ಫೋನಿನಲ್ಲೇ ಬರಲಿ, ಯಜಮಾನರ ಉಳಿತಾಯವೂ ಉಳಿಯಲಿ. ಹಾಲು, ಹೂವು, ತೆಂಗಿನಕಾಯಿ, ಸೊಪ್ಪು, ಬಾಳೆಹಣ್ಣು ಮಾತ್ರ ಕೈಯಾರೆ ಕೊಳ್ಳಿ. ಅದೂ ಒಂದೇ ಅಂಗಡಿ, ಒಂದೇ ಹೊತ್ತು. ಹೊತ್ತು ಒಂದೇ ಇದ್ದರೆ ಅಲ್ಲಿ ಬರುವ ಗಿರಾಕಿಗಳೂ ಅವರೇ ಇರುತ್ತಾರೆ, ಅಂಗಡಿಯವರಷ್ಟೇ ಅವರೂ ಮುಖ್ಯ. ರವಿವಾರದ ಸಂತೆಗೆ ಹೋಗದಿದ್ದರೆ ಹೋಗಿ. ಘಟ್ಟದ ಮೇಲಿಂದ ತರಕಾರಿ ಬರುತ್ತದೆ, ಮಾರುವವರಲ್ಲಿ ನಿಮ್ಮ ಕಡೆಯ ಮಾತೂ ಕಿವಿಗೆ ಬಿದ್ದೀತು. ಎರಡು ಮೂರು ವಾರಕ್ಕೆ ಏನೂ ಆಗುವುದಿಲ್ಲ, ಬೇಸರ ಬೇಡ. ಒಂದು ಮಳೆಗಾಲ ಕಳೆಯಲಿ.

ಅಪಾಯಗಳನ್ನೂ ಹೇಳಬೇಕು. ಒಂದು, ಉದ್ರಿ. ಖಾತೆ ಬರೆಸಿದರೆ ಸಲಿಗೆ ಬೇಗ ಬೆಳೆಯುತ್ತದೆ, ಅದು ನಿಜ. ಸಾಲ ಕೊಡುವುದೆಂದರೆ ನಾಳೆಯೂ ಬರುತ್ತೀರಿ ಎಂದು ನಂಬಿದ ಹಾಗೆ. ಆದರೆ ಉದ್ರಿ ಪುಸ್ತಕದಲ್ಲಿ ದರ ಕೇಳುವ ರೂಢಿ ಹೋಗುತ್ತದೆ, ಬೇಡದ ಸಾಮಾನು ಸೇರುತ್ತದೆ, ಕೊನೆಗೆ ಬಾಕಿಯ ಸಂಕೋಚಕ್ಕೆ ಆ ಬೀದಿಯಲ್ಲೇ ಹೋಗದವರನ್ನು ಕಂಡಿದ್ದೇನೆ. ಬರೆಸುವುದಾದರೆ ನಿಮ್ಮದೂ ಒಂದು ಚೀಟಿ ಇರಲಿ, ಸಂಬಳದ ವಾರ ತೀರಿಸಿ. ಎರಡು, ಗುಟ್ಟು ಉಳಿಯುವುದಿಲ್ಲ. ನೀವು ಏನು ಕೊಂಡಿರಿ, ಎಷ್ಟು ಕೊಂಡಿರಿ, ಮನೆಗೆ ಯಾರು ಬಂದಿದ್ದಾರೆ, ಎಲ್ಲ ಓಣಿಗೆ ತಿಳಿಯುತ್ತದೆ. "ನಿನ್ನೆ ಯಾಕೆ ಬರಲಿಲ್ಲ?" ಎಂದು ಕೇಳುವವರೇ "ನಿನ್ನೆ ಯಾಕೆ ಅಷ್ಟು ಔಷಧಿ?" ಎಂದೂ ಕೇಳುತ್ತಾರೆ. ಒಂದನ್ನು ಬೇಕೆಂದು ಇನ್ನೊಂದನ್ನು ಬೇಡ ಅನ್ನಲಾಗದು. ಯಾರಿಗೂ ತಿಳಿಯಬಾರದ ಸಾಮಾನು ಫೋನಿನಲ್ಲೇ ತರಿಸಿ, ಅಡ್ಡಿಲ್ಲ.

ಮೂರನೆಯದ್ದು ನನಗೆ ಹೆಚ್ಚು ಚಿಂತೆಯದ್ದು. ನೀವು ಹತ್ತಿರವಾದ ಹಾಗೆ ಯಾರೋ ಒಬ್ಬರು ಮೆಲ್ಲಗೆ ಹೇಳುತ್ತಾರೆ: "ಆ ಅಂಗಡಿ ಬೇಡ, ಅವರು ನಮ್ಮವರಲ್ಲ." ಹೊಸಬರಿಗೆ ಇದು ಒಳಗೆ ಕರೆದ ಹಾಗೆಯೇ ಕೇಳಿಸುತ್ತದೆ, ಒಪ್ಪಿಕೊಂಡರೆ ಆ ದಿನಕ್ಕೆ ಬಹಳ ಹಿತವಾಗಿಯೂ ಇರುತ್ತದೆ. ಜಾತಿ, ಧರ್ಮ ನೋಡಿ ಅಂಗಡಿ ಆರಿಸುವ ಚಾಳಿ ನಮ್ಮ ಕರಾವಳಿಯಲ್ಲಿ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಬೇರೊಬ್ಬರನ್ನು ಹೊರಗಿಟ್ಟು ಸಿಕ್ಕಿದ ಜಾಗದಲ್ಲಿ, ನಾಳೆ ನಿಮ್ಮನ್ನು ಹೊರಗಿಡಲೂ ಒಂದು ಕಾರಣ ಸುಲಭವಾಗಿ ಸಿಗುತ್ತದೆ. ಹತ್ತಿರ ಯಾವುದು, ಸೊಪ್ಪು ತಾಜಾ ಎಲ್ಲಿ, ಮಾತು ಚೆನ್ನಾಗಿ ಆಡುವವರು ಯಾರು, ಅಷ್ಟು ನೋಡಿ ಅಂಗಡಿ ಆರಿಸಿ.

ನಾಟಕವಾ ಎಂದು ಕೇಳಿದ್ದೀರಿ. ಮೊದಲ ವಾರ ನಾಟಕದ ಹಾಗೆಯೇ ಅನಿಸುತ್ತದೆ. ಬೇಡದಿದ್ದರೂ ಹೂವು ಕೊಳ್ಳಲು ಹೋದೆ ಎಂದು ನಾಚಿಕೆಯಾಗುತ್ತದೆ. ಅಂಗಡಿಯವರೂ ವ್ಯಾಪಾರಕ್ಕಾಗಿಯೇ ನಗುತ್ತಾರೆ, ಅದರಲ್ಲೇನು ಮುಚ್ಚುಮರೆ? ಲಾಭಕ್ಕೆ ಶುರುವಾದ ಪರಿಚಯದಲ್ಲಿ ಪ್ರೀತಿ ಹುಟ್ಟಬಾರದು ಎಂದೇನಿಲ್ಲ. ಆದರೆ ಇದಕ್ಕೊಂದು ಮಿತಿ ಇದೆ. ಹೊರಗುಳಿದೆ ಅನಿಸಿದವರು ಗುಂಪಿಗೆ ಹತ್ತಿರವಾಗಲೆಂದು ಹೆಚ್ಚು ಖರ್ಚು ಮಾಡುತ್ತಾರೆ, ತಮಗೆ ಇಷ್ಟವಿಲ್ಲದ್ದನ್ನೂ ತಿನ್ನಲು ಒಪ್ಪುತ್ತಾರೆ ಎಂದು 2011ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ನೀವು ಮೀನು ಕಲಿಯಲಾ ಎಂದು ಕೇಳಿದಾಗ ನನಗೆ ನೆನಪಾದದ್ದು ಅದು. ಕಿಟಕಿಯಲ್ಲಿ ನಿಲ್ಲುವುದರ ಜೊತೆಗೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದು ಅಂಗಡಿ ಬದಲಿಸಿ ಸರಿಹೋಗುವ ವಿಷಯವಲ್ಲ. ಆಗ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಗನ ಶೂ. 1971ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಶಾಲೆಯ ಹುಡುಗರನ್ನು, ನಿಮ್ಮ ಮಗನದ್ದೇ ವಯಸ್ಸು, ಎರಡು ಗುಂಪು ಮಾಡಿದ. ನಿಮಗೆ ಈ ಚಿತ್ರಕಾರ ಇಷ್ಟ, ನಿಮಗೆ ಆ ಚಿತ್ರಕಾರ ಇಷ್ಟ ಎನ್ನುವ ನೆಪ ಅಷ್ಟೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂದೂ ಗೊತ್ತಿಲ್ಲದ ಆ ಹುಡುಗರು ಹಣ ಹಂಚುವಾಗ ತಮ್ಮ ಗುಂಪಿಗೇ ಹೆಚ್ಚು ಹಾಕಿದರು. ಆ ವಯಸ್ಸಿಗೆ "ನಾವು, ಅವರು" ಅನ್ನಲು ಇಷ್ಟು ಸಣ್ಣ ನೆಪ ಸಾಕು. ಶೂ ಅದಕ್ಕಿಂತ ದೊಡ್ಡದೇ. ಹಾಗಾಗಿ ಅವನ ಮಾತನ್ನು ಹಟ ಎಂದು ತಳ್ಳಬೇಡಿ. ಆದರೆ ಶೂ ಅವನನ್ನು ಗುಂಪಿನ ಹತ್ತಿರ ನಿಲ್ಲಿಸೀತು, ಆಟಕ್ಕೆ ಕರೆಯುವುದು ಶೂ ಅಲ್ಲ. ಆರು ತಿಂಗಳಿಗೆ ಹೊಸ ಮಾಡೆಲ್ ಬರುತ್ತದೆ, ಆಗ ಮತ್ತೆ ಇದೇ ಮಾತು. ಸಂಜೆ ಮಾಲಾದೇವಿ ಮೈದಾನದಲ್ಲಿ ಆಡುವ ಹುಡುಗರ ಜೊತೆ ಅವನು ದಿನಾ ಇರುತ್ತಾನಾ, ಅಥವಾ ಶಾಲೆ ಬಿಟ್ಟ ಕೂಡಲೇ ಮನೆ ಸೇರುತ್ತಾನಾ ಎನ್ನುವುದು ನನಗೆ ಶೂಗಿಂತ ಮುಖ್ಯವಾದ ಪ್ರಶ್ನೆ.

ಅವನ ಹತ್ತಿರ ಕೂತು ಒಂದು ವಿಷಯ ಬಿಡಿಸಿ ಕೇಳಿ: ಯಾರಾದರೂ ನಿಜಕ್ಕೂ ಹೊರಗಿಟ್ಟಿದ್ದಾರಾ, ಹೆಸರಿಟ್ಟು ಕರೆಯುತ್ತಾರಾ, ಅಥವಾ ಹಾಗಾದೀತು ಎಂಬ ಹೆದರಿಕೆಯಾ? ಹೆದರಿಕೆ ಅಷ್ಟೇ ಆಗಿದ್ದರೆ ಎರಡು ಸಾವಿರ ನೀವು ಕೊಡಿ, ಮೇಲಿನದ್ದು ಅವನು ಚೌತಿ, ದೀಪಾವಳಿಗೆ ಸಿಗುವ ಹಣದಲ್ಲಿ ಕೂಡಿಸಲಿ. ಕೂಡಿಸುವ ಹೊತ್ತಿಗೆ ಬೇಡ ಅನಿಸಿದರೂ ಅನಿಸೀತು. ನಿಜಕ್ಕೂ ಕಾಡುತ್ತಿದ್ದಾರೆ ಎಂದಾದರೆ ಅದು ಶಾಲೆ ನೋಡಬೇಕಾದ ವಿಷಯ. ಕ್ಲಾಸ್ ಟೀಚರನ್ನು ನೀವಿಬ್ಬರೂ ಹೋಗಿ ಕಾಣಿ, ಅಲ್ಲಿಯವರೆಗೆ ಆರ್ಡರ್ ಮಾಡಬೇಡಿ.